ಧೂಪದಾಳಕ್ಕೆ ಬರುವ ಅತಿಥಿಗಳು

ನಮ್ಮ ಅನೇಕ ಮನೆಗಳಲ್ಲಿ ಇಶಾ ನಮಾಝಿನ ಬಳಿಕ ಸೂರಃ ಅಲ್‌ಮುಲ್ಕ್ ಓದುವ ರೂಢಿಯಿದೆ. ಮಕ್ಕಳಿಗೂ ಅದು ಬಾಯಿಪಾಠ. ಅದರ 19ನೆಯ ಸೂಕ್ತದಲ್ಲಿ ಅಲ್ಲಾಹನು ಒಂದು ಪ್ರಶ್ನೆ ಕೇಳುತ್ತಾನೆ. ತಮ್ಮ ತಲೆಯ ಮೇಲೆ ರೆಕ್ಕೆ ಹರಡಿ, ಮಡಚಿ ಹಾರುವ ಹಕ್ಕಿಗಳ ಕಡೆಗೆ ಈ ಜನರು ದೃಷ್ಟಿ ಹಾಯಿಸಲಿಲ್ಲವೇ ಎಂಬುದು ಆ ಪ್ರಶ್ನೆಯ ಸಾರ. ಪ್ರತಿ ರಾತ್ರಿಯೂ ಈ ಪ್ರಶ್ನೆ ನಮ್ಮ ನಾಲಿಗೆಯ ಮೇಲೆ ಹಾದುಹೋಗುತ್ತದೆ. ಆದರೆ ಬೆಳಗಾದ ಮೇಲೆ ತಲೆಯೆತ್ತಿ ನೋಡಿ ಅದಕ್ಕೆ ಉತ್ತರ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಓದುಗರಿಗೆ ಈ ಪ್ರಶ್ನೆ ಹೆಚ್ಚು ಅನ್ವಯಿಸುತ್ತದೆ. ಗೋಕಾಕದ ಜಲಪಾತವನ್ನು ನೋಡದವರು ಆ ಭಾಗದಲ್ಲಿ ಯಾರೂ ಇರಲಾರರು. ಮಳೆಗಾಲದಲ್ಲಿ ಘಟಪ್ರಭೆ ಕೆಂಪಾಗಿ ತುಂಬಿ 52 ಮೀಟರ್ ಕೆಳಕ್ಕೆ ಧುಮುಕುವುದನ್ನು ನೋಡಲು ಜನ ಸಂಸಾರ ಸಮೇತ ಬರುತ್ತಾರೆ, ತೂಗುಸೇತುವೆಯ ಮೇಲೆ ನಿಲ್ಲುತ್ತಾರೆ, ಮರಳುವಾಗ ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಅದೇ ನದಿಗೆ ಸ್ವಲ್ಪ ಮೇಲೆ, ಧೂಪದಾಳದಲ್ಲಿ, ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹಿನ್ನೀರು, ನಡುವಿನ ನಡುಗಡ್ಡೆಗಳು, ಎರಡೂ ದಂಡೆಯ ತಗ್ಗು ನೆಲ, ಇವೆಲ್ಲ ಸೇರಿದ ಸುಮಾರು 30 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಸಾರಲಾಯಿತು. ನವೆಂಬರ್‌ನಿಂದ ಮಾರ್ಚ್ ವರೆಗೆ ಅಲ್ಲಿಗೆ ಸಾವಿರಾರು ಮೈಲು ದೂರದಿಂದ ಅತಿಥಿಗಳು ಬಂದಿಳಿಯುತ್ತಾರೆ. ಜಲಪಾತಕ್ಕೆ ಬಂದವರಲ್ಲಿ ಅಲ್ಲಿಯ ತನಕ ಹೋಗುವವರು ತೀರಾ ಕಡಿಮೆ.

ಹಕ್ಕಿಗಳಿಗೂ ಒಂದು ಪಂಚಾಂಗವಿದೆ. ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಆಫ್ರಿಕಾದ ಕಡೆಯಿಂದ ಜುಟ್ಟಿನ ಚಾತಕ ಬರುತ್ತದೆ. ಮಳೆ ಇಳಿಯುತ್ತಿದ್ದಂತೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಬಾಲ ಕುಣಿಸುತ್ತಾ ನೀರಿನಂಚಿನಲ್ಲಿ ಓಡಾಡುವ ಕುಂಡೆಕುಸ್ಕಗಳು ಕಾಣಿಸಿಕೊಳ್ಳುತ್ತವೆ. ಇವೇ ಚಳಿಗಾಲದ ಮೊದಲ ಸುದ್ದಿಗಾರರು. ಅನಂತರ ಬಾತುಗಳು, ಆಮೇಲೆ ಧೂಪದಾಳಕ್ಕೆ ಹೆಸರು ತಂದ ಎರಡು ಹಕ್ಕಿಗಳು: ಡೆಮೋಸೆಲ್ ಕ್ರೇನ್ ಎಂಬ ಬೂದು ಬಣ್ಣದ ಕ್ರೌಂಚ ಮತ್ತು ಬಿಳಿ ಕೊಕ್ಕರೆ. ಹಿಂಗಾರಿ ಬಿಳಿಜೋಳ ತೆನೆ ಹಿಡಿಯುವಾಗ ಮಧ್ಯ ಏಷ್ಯಾದ ಗುಲಾಬಿ ಮೈನಾಗಳು ಮೋಡದಂತೆ ಹೊಲದ ಮೇಲೆ ಇಳಿಯುತ್ತವೆ. ಬಿಸಿಲು ಏರಿದಂತೆ ಒಂದೊಂದೇ ಗುಂಪು ಹೊರಡುತ್ತದೆ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಊರು ಸೇರುವ ದಾರಿಯಲ್ಲಿರುತ್ತವೆ.

ಕ್ರೌಂಚಗಳ ತವರು ಮಂಗೋಲಿಯಾ ಮತ್ತು ಕಝಾಕ್‌ಸ್ತಾನದ ಹುಲ್ಲುಗಾವಲು. ಕ್ರೌಂಚ ಜಾತಿಯಲ್ಲೇ ಚಿಕ್ಕದು, ಕುತ್ತಿಗೆ ಕಪ್ಪು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿ ಗರಿಗಳ ಗೊಂಚಲು. ಇದು ಹಿಮಾಲಯವನ್ನು ದಾಟಿ ಬರುತ್ತದೆ. ಬಿಳಿ ಕೊಕ್ಕರೆಯ ಕೊಕ್ಕು ಮತ್ತು ಕಾಲುಗಳು ಕೆಂಪು, ರೆಕ್ಕೆಯ ಅಂಚು ಕಪ್ಪು. ಭಾರತಕ್ಕೆ ಬರುವ ಬಿಳಿ ಕೊಕ್ಕರೆಗಳಲ್ಲಿ ಉಝ್ಬೆಕಿಸ್ತಾನ ಮುಂತಾದ ಮಧ್ಯ ಏಷ್ಯಾದ ನಾಡುಗಳಲ್ಲಿ ಮರಿ ಮಾಡುವವೂ ಇವೆ.

ಈ ಕೊಕ್ಕರೆಗೂ ಮುಸ್ಲಿಮ್ ಜಗತ್ತಿಗೂ ಹಳೆಯ ನಂಟಿದೆ. ಅದಕ್ಕೆ ಗಂಟಲಿನ ಕೂಗಿಲ್ಲ. ಕೊಕ್ಕಿನ ಎರಡು ಹೋಳುಗಳನ್ನು ಬಡಿದು ಸದ್ದು ಮಾಡುತ್ತದೆ. ಆ ಸದ್ದಿನಿಂದಲೇ ಅರಬಿ, ಫಾರ್ಸಿ, ಉರ್ದುಗಳಲ್ಲಿ ಅದಕ್ಕೆ ಲಕ್‌ಲಕ್ ಎಂಬ ಹೆಸರು. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗಿ ವಸಂತದಲ್ಲಿ ಮರಳುವ ಈ ಬಿಳಿಯುಡುಗೆಯ ಹಕ್ಕಿ ಹಜ್ಜಿಗೆ ಹೋಗಿ ಬರುತ್ತದೆಂದು ತುರ್ಕಿಯ ಹಳ್ಳಿಗರು ಭಾವಿಸಿ ಅದನ್ನು 'ಹಾಜಿ' ಎಂದೇ ಕರೆದರು. ಉಸ್ಮಾನಿಯರ ಕಾಲದಲ್ಲಿ, 19ನೆಯ ಶತಮಾನದಲ್ಲಿ, ಬುರ್ಸಾ ನಗರದಲ್ಲಿ ಗಾಯಗೊಂಡ ಕೊಕ್ಕರೆಗಳ ಆರೈಕೆಗೆಂದೇ ಒಂದು ಮನೆಯಿತ್ತು. ಇಮಾಮ್ ಬುಖಾರಿಯವರ(ರ) ಹುಟ್ಟೂರಾದ ಬುಖಾರಾದಲ್ಲಿ ಮಿನಾರಗಳ ತುದಿಯಲ್ಲಿ, ಮದ್ರಸಗಳ ಗುಮ್ಮಟಗಳ ಮೇಲೆ ಇವು ಗೂಡು ಕಟ್ಟುತ್ತಿದ್ದವು. 20ನೆಯ ಶತಮಾನದಲ್ಲಿ ಅಲ್ಲಿಯ ಕೊಳಗಳೂ ಜೌಗು ನೆಲಗಳೂ ಒಣಗಿದವು, ತಿನ್ನಲು ಕಪ್ಪೆ-ಮೀನು ಸಿಗದೆ ಕೊಕ್ಕರೆಗಳು ಹೊರಟುಹೋದವು. ಗೂಡುಗಳು ಮಾತ್ರ ಗುಮ್ಮಟಗಳ ಮೇಲೆ ಖಾಲಿ ಉಳಿದವು.

ಹರಡುವುದು ಮತ್ತು ಮಡಚುವುದು

ಈಗ ಮತ್ತೆ ಸೂಕ್ತಕ್ಕೆ ಬರೋಣ. ಅಲ್ಲಿ ಹಕ್ಕಿಯ ರೆಕ್ಕೆಯ ಬಗ್ಗೆ ಎರಡು ಪದಗಳಿವೆ. ಹರಡಿರುವುದಕ್ಕೆ 'ಸಾಫ್ಫಾತ್' ಎಂಬ ನಾಮರೂಪ, ಮಡಚುವುದಕ್ಕೆ 'ಯಕ್‌ಬಿದ್‌ನ' ಎಂಬ ಕ್ರಿಯಾರೂಪ. ಎರಡಕ್ಕೂ ಒಂದೇ ರೂಪ ಬಳಸಬಹುದಿತ್ತಲ್ಲ? ಅರಬಿ ವ್ಯಾಕರಣದಲ್ಲಿ ನಿಷ್ಣಾತರಾದ ಮುಫಸ್ಸಿರ್ ಝಮಖ್‌ಶರೀ ಇದಕ್ಕೆ ಉತ್ತರ ಹೇಳಿದ್ದಾರೆ. ಹಾರಾಟದ ಮೂಲಸ್ಥಿತಿ ರೆಕ್ಕೆ ಹರಡಿರುವುದೇ, ಮಡಚುವುದು ಬೇಕಾದಾಗ ಮಾತ್ರ ನಡೆಯುವ ಕೆಲಸ. ಆದುದರಿಂದ ಸ್ಥಿರವಾದುದಕ್ಕೆ ನಾಮ, ಮತ್ತೆ ಮತ್ತೆ ನಡೆಯುವುದಕ್ಕೆ ಕ್ರಿಯೆ.

ಕಿತಾಬಿನಲ್ಲಿ ಓದಿದ ಈ ಮಾತು ಬಿಳಿ ಕೊಕ್ಕರೆಯನ್ನು ನೋಡಿದಾಗ ಕಣ್ಣೆದುರೇ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಅದು ಹಾರಲು ಅವಸರಪಡುವುದಿಲ್ಲ. ಬಿಸಿಲೇರಿ ನೆಲ ಕಾಯ್ದು, ಬಿಸಿಗಾಳಿ ಮೇಲೇಳತೊಡಗಿದಾಗ ನಾಲ್ಕು ಸಲ ರೆಕ್ಕೆ ಬಡಿದು ಆ ಗಾಳಿಯೊಳಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿಂದ ರೆಕ್ಕೆಯನ್ನು ಹಲಗೆಯಂತೆ ಹರಡಿ, ಸುತ್ತು ಹಾಕುತ್ತಾ ಹಾಕುತ್ತಾ ಚುಕ್ಕೆಯಾಗುವಷ್ಟು ಮೇಲೇರುತ್ತದೆ. ಮೇಲಿನಿಂದ ಮುಂದಿನ ಬಿಸಿಗಾಳಿಯ ಕಂಬದವರೆಗೆ ಜಾರಿಕೊಂಡು ಹೋಗುತ್ತದೆ. ಸಮುದ್ರದ ಮೇಲೆ ಅಂಥ ಬಿಸಿಗಾಳಿ ಏಳುವುದಿಲ್ಲ, ಅದಕ್ಕೇ ಕೊಕ್ಕರೆಗಳು ಸುತ್ತುಬಳಸಾದರೂ ನೆಲದ ಮೇಲಿನ ದಾರಿಯನ್ನೇ ಹಿಡಿಯುತ್ತವೆ, ರಾತ್ರಿ ತಂಗುತ್ತವೆ. ತನ್ನ ಬಲದಿಂದ ಹಾರುವುದು ಸ್ವಲ್ಪ, ಎತ್ತಿ ಹಿಡಿಯಲ್ಪಡುವುದೇ ಬಹಳ. ಅವುಗಳನ್ನು ಹಿಡಿದಿರುವವನು ಯಾರೆಂದು ತಿಳಿಸುವಾಗ ಆ ಸೂಕ್ತವು ಬಳಸಿದ ಹೆಸರು 'ಅರ್ರಹ್ಮಾನ್'. ಭೂಮಿಯೊಳಗೆ ಹುದುಗಿಸುವ, ಕಲ್ಲಿನ ಗಾಳಿ ಬೀಸಿಸುವ ಎಚ್ಚರಿಕೆಯ ಮಾತುಗಳು ಅದರ ಹಿಂದೆಯೇ ಇವೆ. ಹಕ್ಕಿಯ ಕಡೆಗೆ ತಿರುಗಿದ ಕೂಡಲೇ ಕರುಣೆಯ ಹೆಸರು ಬರುತ್ತದೆ.

"ಅಬ್ಬಾ, ಇವಕ್ಕ ದಾರಿ ಯಾರು ತೋರಸ್ತಾರ?" ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರೂ ಶತಮಾನಗಳ ಕಾಲ ಈ ಪ್ರಶ್ನೆಯಲ್ಲಿ ತಡವರಿಸಿದರು. ಚಳಿಗಾಲದಲ್ಲಿ ಹಕ್ಕಿಗಳು ಕೆಸರಿನಡಿ ನಿದ್ರಿಸುತ್ತವೆಂದು ಯುರೋಪಿನ ಪಂಡಿತರು ಬರೆದದ್ದುಂಟು. 1822ರಲ್ಲಿ ಜರ್ಮನಿಯ ಹಳ್ಳಿಯೊಂದರಲ್ಲಿ ಸಿಕ್ಕ ಬಿಳಿ ಕೊಕ್ಕರೆಯ ಕುತ್ತಿಗೆಯಲ್ಲಿ ಆಫ್ರಿಕಾದ ಉದ್ದನೆಯ ಬಾಣವೊಂದು ನಾಟಿಕೊಂಡಿತ್ತು. ಆ ಬಾಣ ಹೊತ್ತುಕೊಂಡೇ ಅದು ಊರಿಗೆ ಮರಳಿತ್ತು! ಹಕ್ಕಿ ಎಲ್ಲಿಗೆ ಹೋಗಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮುಂದೆ ಕಾಲಿಗೆ ಉಂಗುರ ತೊಡಿಸಿ, ಈಗ ಉಪಗ್ರಹದ ಮೂಲಕ, ದಾರಿಯನ್ನು ಗುರುತಿಸುತ್ತಾರೆ. ಸೂರ್ಯ, ನಕ್ಷತ್ರಗಳು, ಭೂಮಿಯ ಕಾಂತಶಕ್ತಿ ಇವೆಲ್ಲವನ್ನೂ ಹಕ್ಕಿಗಳು ಬಳಸುತ್ತವೆಂದು ಪ್ರಯೋಗಗಳು ತೋರಿಸಿವೆ.

ಕೊಕ್ಕರೆಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗ ವಿಶೇಷವಾದುದು. ಯುರೋಪಿನ ಪೂರ್ವಭಾಗದ ಮರಿಗಳನ್ನು ಪಶ್ಚಿಮಕ್ಕೆ ಒಯ್ದು ಸಾಕಿದರು. ಅಲ್ಲಿಯ ಹಿರಿಯ ಕೊಕ್ಕರೆಗಳು ಹೊರಟುಹೋದ ಬಳಿಕ ಬಿಟ್ಟ ಮರಿಗಳು ತಮ್ಮ ಪೂರ್ವಿಕರ ದಿಕ್ಕನ್ನೇ ಹಿಡಿದು ಹೊರಟವು. ಹಿರಿಯರು ಇನ್ನೂ ಇರುವಾಗಲೇ ಬಿಟ್ಟ ಮರಿಗಳು ಆ ಹಿರಿಯರನ್ನು ಹಿಂಬಾಲಿಸಿದವು. ಫಿತ್‌ರತ್ತಿನಲ್ಲಿ ಒಂದು ದಿಕ್ಕನ್ನು ಇಡಲಾಗಿದೆ, ಸುಹ್ಬತ್ತು ಅದನ್ನು ಬದಲಿಸಬಲ್ಲದು. ಮಕ್ಕಳನ್ನು ಸಾಕುವವರು ಇದನ್ನು ಯೋಚಿಸಲಿ. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತು. ನಡುವೆ ಎಲ್ಲೂ ಇಳಿಯಲಿಲ್ಲ, ಹಿಂದೆಂದೂ ಆ ದಾರಿಯಲ್ಲಿ ಹೋದುದೂ ಅಲ್ಲ. ಪ್ರತಿ ವಸ್ತುವಿಗೂ ರೂಪ ಕೊಟ್ಟು ಅನಂತರ ದಾರಿ ತೋರಿದವನೇ ನನ್ನ ಪ್ರಭು ಎಂದು ಮೂಸಾ(ಅ) ಫಿರ್‌ಔನನಿಗೆ ಉತ್ತರಿಸಿದುದನ್ನು ಸೂರಃ ತ್ವಾಹಾ ತಿಳಿಸುತ್ತದೆ.

ನೆರಳಿನಿಂದ ಎಬ್ಬಿಸಬೇಡಿ

ನೋಡುವುದಕ್ಕೂ ಒಂದು ಅದಬು ಇದೆ. ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಹರಮ್‌ನ ಪಾವಿತ್ರ್ಯವನ್ನು ಸಾರುತ್ತಾ, ಅಲ್ಲಿಯ ಬೇಟೆಯ ಪ್ರಾಣಿಯನ್ನು ಬೆದರಿಸಿ ಓಡಿಸುವುದನ್ನೂ ನಿಷೇಧಿಸಿದರು. ಬೆದರಿಸುವುದೆಂದರೇನು? ಇಬ್ನು ಅಬ್ಬಾಸ್‌ರ(ರ) ಶಿಷ್ಯ ಇಕ್ರಿಮಾ ಇದಕ್ಕೆ ಕೊಟ್ಟ ವಿವರಣೆಯನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಅದನ್ನು ನೆರಳಿನಿಂದ ಎಬ್ಬಿಸಿ ಆ ಜಾಗದಲ್ಲಿ ನೀನು ಕೂರುವುದೇ ಬೆದರಿಸುವುದು ಎಂದು. ಕೊಲ್ಲುವುದು ದೂರ, ಕಲ್ಲೆಸೆಯುವುದೂ ದೂರ, ಕೇವಲ ನೆರಳಿನಿಂದ ಎಬ್ಬಿಸುವುದು! ಇದು ಹರಮ್‌ಗೆ ಸಂಬಂಧಿಸಿದ ವಿಧಿ, ಧೂಪದಾಳ ಹರಮ್ ಅಲ್ಲ. ಆದರೆ ಜೀವಿಗಳಿಗೆ ಅಭಯವಿರುವ ಭೂಮಿಯೆಂದರೆ ಏನೆಂದು ಜಗತ್ತಿಗೆ ತಿಳಿಸಿದ ಸಮುದಾಯ ನಮ್ಮದು. ಅಭಯಧಾಮದ ಬೇಲಿಯೊಳಗೆ ಮೊಬೈಲ್‌ನಲ್ಲಿ ಚಿತ್ರ ತೆಗೆಯಲು ಹಕ್ಕಿಗಳ ಗುಂಪನ್ನು ಚಪ್ಪಾಳೆ ತಟ್ಟಿ ಎಬ್ಬಿಸುವವರಲ್ಲಿ ನಮ್ಮ ಹುಡುಗರು ಇರಬಾರದು. ತಿಂಗಳ ಪಯಣದಲ್ಲಿ ಮೈ ಕರಗಿ ಬಂದ ಹಕ್ಕಿಗೆ ಪ್ರತಿಯೊಂದು ಸಲ ಏಳುವುದೂ ಒಂದು ನಷ್ಟವೇ.

ಕವಣೆ ಹಿಡಿದು ಹಕ್ಕಿಗೆ ಗುರಿಯಿಡುವ ಮಕ್ಕಳಿಗೆ ಇಬ್ನು ಉಮರ್‌ರ(ರ) ಪ್ರಸಂಗವನ್ನು ಹೇಳಬೇಕು. ಕುರೈಶ್ ತರುಣರು ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣಪ್ರಯೋಗ ಮಾಡುತ್ತಿದ್ದರು. ಅವರನ್ನು ಕಂಡೊಡನೆ ಚದರಿದರು. ಜೀವವಿರುವುದನ್ನು ಗುರಿಯಾಗಿ ಬಳಸುವವನನ್ನು ಪ್ರವಾದಿ(ಸ) ಶಪಿಸಿರುವರೆಂದು ಅವರು ತಿಳಿಸಿದರು. ಆಹಾರಕ್ಕಾಗಿ ಬೇಟೆಯಾಡುವುದನ್ನು ಇಸ್ಲಾಮ್ ನಿಷೇಧಿಸಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಕ್ಕಿಗಳ ಬೇಟೆ ಅಪರಾಧ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. ಅನಸ್‌ರ(ರ) ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿಯ ಹದೀಸನ್ನು ಇದಕ್ಕೆ ಉತ್ತರವಾಗಿ ತರುವವರಿದ್ದಾರೆ. ಹಕ್ಕಿಯನ್ನು ಚೆನ್ನಾಗಿ ನೋಡಿಕೊಂಡರೆ ಸಾಕಬಹುದೆಂದು ವಿದ್ವಾಂಸರು ಅದರಿಂದ ತಿಳಿದುದು ನಿಜ. ಆದರೆ ಅನುಮತಿಯಿರುವುದೆಲ್ಲ ಕಡ್ಡಾಯವಲ್ಲ, ನಾಡಿನ ನ್ಯಾಯಯುತ ಕಾನೂನನ್ನು ಮುರಿಯಲು ಅದು ಆಧಾರವೂ ಅಲ್ಲ.

ರೈತನ ಮಾತು ಬೇರೆ. ಕ್ರೌಂಚಗಳು ಕಡಲೆಯ ಹೊಲಕ್ಕೂ ಶೇಂಗಾದ ಹೊಲಕ್ಕೂ ಇಳಿಯುತ್ತವೆ, ಮೈನಾಗಳು ಜೋಳದ ಹಾಲುತೆನೆ ತಿನ್ನುತ್ತವೆ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಬೆಳೆ, ಮನೆ ಎಲ್ಲವನ್ನೂ ಕಳೆದುಕೊಂಡ ಈ ನದಿಯ ದಂಡೆಯವನಿಗೆ ಪ್ರತಿ ತೆನೆಗೂ ಬೆಲೆಯಿದೆ. ಊರಲ್ಲಿ ಕುಳಿತು ಅವನಿಗೆ ಉಪದೇಶ ಮಾಡುವುದು ಸುಲಭ. ಮುಸ್ಲಿಮನು ನೆಟ್ಟ ಗಿಡ, ಬಿತ್ತಿದ ಬೆಳೆಯಿಂದ ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ಸದಕಾ ಎಂಬ ಪ್ರವಾದಿವಚನ(ಸ) ಅನಸ್‌ರಿಂದ(ರ) ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಹೊಲ ಕಾಯುವುದಕ್ಕೆ ಈ ಹದೀಸ್ ಅಡ್ಡಿಯಲ್ಲ. ಅಟ್ಟ ಕಟ್ಟಿ ಕೂಗಲಿ, ಡಬ್ಬ ಬಡಿಯಲಿ. ಕಾಳಿಗೆ ವಿಷ ಬೆರೆಸಿ ಚೆಲ್ಲುವುದು ಮಾತ್ರ ಕಾವಲಲ್ಲ. ಮೈನಾಗಳು ತೆನೆಯ ಜೊತೆಗೆ ಮಿಡತೆಗಳನ್ನೂ ತಿನ್ನುತ್ತವೆ, ಕೊಕ್ಕರೆಗಳು ಇಲಿಗಳನ್ನೂ ಹುಳಗಳನ್ನೂ ಹಿಡಿಯುತ್ತವೆ ಎಂಬುದು ಲೆಕ್ಕದ ಇನ್ನೊಂದು ಮಗ್ಗುಲು. ರಾಜಸ್ಥಾನದ ಖೀಚನ್ ಹಳ್ಳಿಯ ಜೈನ ಬಾಂಧವರು ಇದೇ ಕ್ರೌಂಚಗಳಿಗೆ ದಶಕಗಳಿಂದ ಪ್ರತಿದಿನ ಕಾಳು ಹಾಕುತ್ತಾ ಬಂದಿದ್ದಾರೆ. 2025ರಲ್ಲಿ ಆ ತಾಣಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಮಾನ್ಯತೆ ದೊರೆಯಿತು.

ಅತಿಥಿ ಬರುವುದನ್ನೇ ನಿಲ್ಲಿಸಬಹುದು ಎಂಬುದನ್ನೂ ನಾವು ಕಂಡಿದ್ದೇವೆ. ಜಹಾಂಗೀರ್ ಬಾದಶಹನ ಆಸ್ಥಾನದ ಉಸ್ತಾದ್ ಮನ್ಸೂರ್ 17ನೆಯ ಶತಮಾನದಲ್ಲಿ ಸೈಬೀರಿಯಾದ ಬಿಳಿ ಕ್ರೌಂಚವನ್ನು ಗರಿಗರಿಯಾಗಿ ಚಿತ್ರಿಸಿದ. ಆ ಹಕ್ಕಿ ಭರತಪುರದಲ್ಲಿ ಕೊನೆಯದಾಗಿ ಕಂಡದ್ದು 2002ರಲ್ಲಿ. ದಾರಿಯಲ್ಲಿನ ಬೇಟೆ ಮತ್ತು ಜೌಗು ನೆಲದ ನಾಶ ಅದರ ಜಾಡನ್ನೇ ಅಳಿಸಿದವು.

ನಮ್ಮ ಮಕ್ಕಳಿಗೆ ಒಬ್ಬ ಮಾದರಿ ಬೇಕಿದ್ದರೆ ಸಲೀಮ್ ಅಲಿ ಇದ್ದಾರೆ. 1896ರಲ್ಲಿ ಮುಂಬೈಯ ಮುಸ್ಲಿಮ್ ಮನೆತನದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವರು. ಬಾಲ್ಯದಲ್ಲಿ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಿದರು. ಮಾವ ಗದರಿಸಲಿಲ್ಲ, ತಿಳಿದವರ ಬಳಿಗೆ ಕಳುಹಿಸಿದರು. ಆ ಒಂದು ಪ್ರಶ್ನೆಯ ಬೆನ್ನು ಹತ್ತಿದವರು 1987ರಲ್ಲಿ ನಿಧನರಾಗುವ ತನಕ ದೇಶದ ಹಕ್ಕಿಗಳನ್ನೆಲ್ಲ ಬರೆದಿಟ್ಟರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಅವರೇ ಮಾಡಿದರು.

2027ರಿಂದ 2030ರ ತನಕ ರಮಝಾನ್ ತಿಂಗಳು ಜನವರಿ-ಫೆಬ್ರವರಿಯ ಆಸುಪಾಸಿನಲ್ಲೇ ಬರಲಿದೆ, ಅಂದರೆ ಹಕ್ಕಿಗಳು ಇಲ್ಲಿರುವಾಗಲೇ. ಸಹರಿ ಮುಗಿದು ಫಜ್ರ್ ನಮಾಝ್ ಆದ ಮೇಲೆ ಮತ್ತೆ ಮಲಗುವ ಬದಲು ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೊರಡಿ. ಕ್ರೌಂಚಗಳು ರಾತ್ರಿಯನ್ನು ತಗ್ಗು ನೀರಿನಲ್ಲಿ ಕಳೆದು ಬೆಳಕು ಹರಿಯುತ್ತಲೇ ಹೊಲಗಳತ್ತ ಏಳುತ್ತವೆ, ಕಹಳೆಯಂಥ ಕೂಗು ಮೊದಲು ಕೇಳುತ್ತದೆ. ಬೆನ್ನಿಗೆ ಸೂರ್ಯನಿರುವಂತೆ, ಮಾಸಲು ಬಣ್ಣದ ಬಟ್ಟೆ ತೊಟ್ಟು, ದಂಡೆಯಿಂದ ದೂರ ನಿಲ್ಲಿ. ಕುತ್ತಿಗೆ ಮಡಚಿಕೊಂಡು ಹಾರಿದರೆ ಅದು ನಮ್ಮೂರಿನ ಬೆಳ್ಳಕ್ಕಿಯ ಜಾತಿ, ನೀಳವಾಗಿ ಚಾಚಿದ್ದರೆ ಕೊಕ್ಕರೆಯೋ ಕ್ರೌಂಚವೋ. ಕೊಕ್ಕರೆಗಾಗಿ ಒಂಬತ್ತು-ಹತ್ತು ಗಂಟೆಯ ತನಕ ಕಾಯಬೇಕು. ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ತಾರೀಕು, ಜಾಗ, ಎಷ್ಟು ಹಕ್ಕಿ ಎಂಬುದನ್ನು ಬರೆಯಲಿ. ಬಿಸಿಗಾಳಿ ಹಿಡಿದು ಮೇಲೇರುವ ಕೊಕ್ಕರೆ ಒಂದು ಸಲ ರೆಕ್ಕೆ ಬಡಿದು ಇನ್ನೊಮ್ಮೆ ಬಡಿಯುವ ತನಕ ಎಷ್ಟು ಹೊತ್ತಾಯಿತೆಂದು ಎಣಿಸಲಿ.