ಟೇಪಿನ ಅಳತೆಯೂ ಹೃದ್ರೋಗವೂ



ಕಳೆದ ಕೊಯ್ಲಿನಲ್ಲಿ ಗುಡೇಮಾರನಹಳ್ಳಿಯ ನಮ್ಮ ಸದಸ್ಯರೊಬ್ಬರು ಅಡಿಕೆ ಸುಲಿಯುವ ಚಪ್ಪರದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸಕಾಲಕ್ಕೆ ಬೆಂಗಳೂರಿಗೆ ಸಾಗಿಸಿದ್ದರಿಂದ ಉಳಿದುಕೊಂಡರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಅವರೇನು ದಪ್ಪಗಿರಲಿಲ್ಲವಲ್ಲ!" ಕೈಕಾಲು ಸಣ್ಣಗಿದ್ದುದು ನಿಜ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಇಂಥ ಹೊಟ್ಟೆಯನ್ನು ನಾವು ಉಂಡುಟ್ಟ ಮನೆಯ ಲಕ್ಷಣವೆಂದು ಹೊಗಳುವುದುಂಟು. ವೈದ್ಯರು ಹಾಗೆ ನೋಡುವುದಿಲ್ಲ.

ಮೊದಲ ಬಾರಿಗೆ ಹೃದಯಾಘಾತವಾದ 200 ಮಂದಿಯನ್ನು ಅದೇ ವಯಸ್ಸಿನ ಇತರ 200 ಮಂದಿಯೊಡನೆ ಹೋಲಿಸಿದ ಬೆಂಗಳೂರಿನ ಅಧ್ಯಯನವೊಂದು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬೀಡಿ-ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ ಹೊಟ್ಟೆಯ ಬೊಜ್ಜೂ ಅದರಲ್ಲಿ ಎದ್ದು ಕಂಡಿತು. ಮುಂದೆ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನವೂ, ತೂಕ-ಎತ್ತರದ ಲೆಕ್ಕಕ್ಕಿಂತ ಸೊಂಟ ಮತ್ತು ಪೃಷ್ಠದ ಸುತ್ತಳತೆಗಳ ಹೋಲಿಕೆಯೇ ಹೆಚ್ಚು ನಂಬಲರ್ಹವೆಂದು ತೋರಿಸಿತು. ತೊಡೆಯಲ್ಲಿ ಕೂಡುವ ಕೊಬ್ಬು ಅಷ್ಟು ಕೇಡು ಮಾಡದು. ಕರುಳಿನ ಸುತ್ತ, ಲಿವರ್‌ನೊಳಗೆ ಕೂಡುವ ಕೊಬ್ಬು ರಕ್ತದ ಸಕ್ಕರೆಯ ಹದ ಕೆಡಿಸುತ್ತದೆ.

ಅಳೆಯುವಾಗ ಪಂಚೆಯ ಗಂಟಾಗಲಿ ಉಡಿದಾರವಾಗಲಿ ಗುರುತಾಗದು. ಹೊಟ್ಟೆ ಬೆಳೆದಂತೆಲ್ಲ ಅವು ಕೆಳಕ್ಕೆ ಜಾರುತ್ತವೆ. ಇಪ್ಪತ್ತು ವರ್ಷದಿಂದ ಪ್ಯಾಂಟಿನ ಅಳತೆ ಬದಲಾಗಿಲ್ಲವೆಂಬ ಕೆಲವರ ಹೆಮ್ಮೆಗೂ ಇದೇ ಕಾರಣ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯದಲ್ಲಿ, ಬರಿಮೈ ಮೇಲೆ, ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಕೂಡದು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಅಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಹೆಂಗಸರಿಗೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಅಂಗುಲ ಮಿತಿ. ಯುರೋಪಿನ ಗಂಡಸರಿಗೆ ಹೇಳುವ ಮಿತಿ 94. ನಮ್ಮವರಿಗೆ ಕಡಿಮೆ ಬೊಜ್ಜಿನಲ್ಲೇ ಕಾಯಿಲೆ ಬರುತ್ತದೆ. ಮಿತಿ ಮೀರಿದರೆ ರೋಗ ಬಂತೆಂದಲ್ಲ, ರಕ್ತದೊತ್ತಡ ಹಾಗೂ ಸಕ್ಕರೆಯ ಪರೀಕ್ಷೆ ಮಾಡಿಸಬೇಕೆಂದು ಅರ್ಥ. ಮಿತಿಯೊಳಗಿದ್ದೇವೆಂದು ಬೀಡಿ ಸೇದುವವರು ನೆಮ್ಮದಿಯಾಗಿರುವಂತೆಯೂ ಇಲ್ಲ.

ಇದಕ್ಕಿಂತ ಹಿಂದಿನ ಅಳತೆಯೊಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನ ಮಿಷನ್ ಆಸ್ಪತ್ರೆಯೆನ್ನುವಲ್ಲಿ, 1934ರಿಂದಲೇ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. 1934-54ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಹೊರಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ತಾಯಿಯೂ ಬಡಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಬಸುರಿ ಸೊಸೆಯನ್ನು ಎಲ್ಲರ ಊಟವಾದ ಮೇಲೆ ಉಣ್ಣಲು ಕೂರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ತೋಟದ ಸಸಿಗೆ ಮೊದಲ ವರ್ಷ ಗೊಬ್ಬರ ತಪ್ಪಿದರೆ ಏನಾಗುತ್ತದೆಂದು ಆ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಸಂಘದ ಕಚೇರಿಯಲ್ಲಿ ದರ್ಜಿಯ ಟೇಪೊಂದನ್ನು ಇರಿಸಿದ್ದೇವೆ. ಮಾಲು ತೂಗಿಸಲು ಬಂದ ದಿನ ಸದಸ್ಯರು ತಮ್ಮ ಅಳತೆ ನೋಡಿಕೊಂಡು, ದಿನಾಂಕದೊಡನೆ ಪಾಸ್‌ಪುಸ್ತಕದ ಹಿಂಬದಿ ಬರೆದುಕೊಳ್ಳಬಹುದು.