ಆಕಾಶದಿಂದ ಕಂಡ ಹೊಳೆಸಾಲಿನ ಭೂಮಿ



ಹೊಳೆದಂಡೆಯ ಹೊಲದಲ್ಲಿ ನಿಂತವರಿಗೆ ತಮ್ಮ ಬದು ಮತ್ತು ಅದರಾಚೆಯ ನೀರು ಕಾಣುತ್ತವೆ. ನೆರೆ ಬಂದಾಗ ಹೊಳೆ ಎಲ್ಲಿಯವರೆಗೆ ಹರಡುವುದೆಂಬುದು ಅಲ್ಲಿಂದ ತಿಳಿಯದು. ನೂರಾರು ಕಿ.ಮೀ. ಎತ್ತರದ ಉಪಗ್ರಹಕ್ಕೆ ಅದು ಒಂದೇ ನೋಟದಲ್ಲಿ ಕಾಣುತ್ತದೆ. ಭಾರತದ ಐ.ಆರ್.ಎಸ್.-1ಎ ಉಪಗ್ರಹವು 1988ರ ಮಾರ್ಚ್ 17ರಂದು ಕಕ್ಷೆ ಸೇರಿದ ಮೇಲೆ, ನಮ್ಮ ಬೆಳೆ ಮತ್ತು ನೀರಿನ ಚಿತ್ರಗಳು ನಮ್ಮದೇ ಉಪಗ್ರಹಗಳಿಂದ ದೊರೆಯತೊಡಗಿದವು.

ಚಿತ್ರವನ್ನು ಓದುವ ಬಗೆ

ಹಸಿರೆಲೆಯು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ನೀರು ಅವನ್ನು ಹೀರಿಕೊಳ್ಳುತ್ತದೆ. ಈ ಕಿರಣಗಳಿಗೆ ಕೆಂಪು ಬಣ್ಣ ಕೊಟ್ಟು ಸಿದ್ಧಪಡಿಸಿದ ಚಿತ್ರದಲ್ಲಿ ಹುಲುಸಾದ ಬೆಳೆ ಕೆಂಪಾಗಿ, ತಿಳಿನೀರು ಕಪ್ಪಾಗಿ, ಕೆಸರುನೀರು ತಿಳಿನೀಲಿಯಾಗಿ, ಒಣಮರಳು ಬಿಳುಪಾಗಿ ಕಾಣುತ್ತವೆ.

ಮಳೆಗಾಲದ ಮೋಡ ಇಂಥ ಚಿತ್ರಕ್ಕೆ ಅಡ್ಡಿ. ರೇಡಾರ್ ಉಪಗ್ರಹವಾದರೆ ಮೋಡದ ಮೂಲಕವೂ, ರಾತ್ರಿಯಲ್ಲೂ ನೋಡಬಲ್ಲದು. ನಿಂತ ನೀರು ರೇಡಾರ್ ಅಲೆಯನ್ನು ಕನ್ನಡಿಯಂತೆ ಬೇರೆಡೆಗೆ ತಿರುಗಿಸುವುದರಿಂದ ಕಪ್ಪಾಗಿ ಕಾಣುತ್ತದೆ. ಆದರೆ ಆಳೆತ್ತರದ ಕಬ್ಬಿನ ಬುಡದಲ್ಲಿ ನಿಂತ ನೀರು ಹಾಗೆ ಕಾಣದೆ ಹೋಗಬಹುದು. ಆದುದರಿಂದ ಬೆಳೆಹಾನಿಯನ್ನು ಚಿತ್ರವೊಂದರಿಂದಲೇ ನಿರ್ಧರಿಸದೆ ಹೊಲಕ್ಕೆ ಹೋಗಿ ನೋಡುವುದು ಅವಶ್ಯ.

ಕೃಷ್ಣಾ ತೀರದ ಪಾಠ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಬಯಲಿನಲ್ಲೇ ಸುರಿದ ಭಾರಿ ಮಳೆ ನೆರೆಯನ್ನು ತಂದಿತು. 2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಮಳೆಗೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದವು. ಮಳೆ ಎಲ್ಲಿಯದಾದರೂ ನೀರು ಹುಡುಕುವುದು ತಗ್ಗನ್ನೇ. ಹೊಳೆ ಬಿಟ್ಟುಹೋದ ಹಳೆಯ ಪಾತ್ರಗಳನ್ನು ಉತ್ತು ಸಮ ಮಾಡಿದ್ದರೂ, ಅಲ್ಲಿ ತೇವ ಹೆಚ್ಚು ನಿಲ್ಲುವುದರಿಂದ ಚಿತ್ರದಲ್ಲಿ ಬಾಗಿದ ಪಟ್ಟಿಗಳಾಗಿ ಕಾಣಬಹುದು. ನೆರೆ ಬಂದಾಗ ನೀರು ಮೊದಲು ನುಗ್ಗುವುದೂ, ಕೊನೆಗೆ ಇಳಿಯುವುದೂ ಸಾಮಾನ್ಯವಾಗಿ ಇಂಥಲ್ಲೇ. ಫಲವತ್ತಾದ ಮೆಕ್ಕಲು ಮಣ್ಣನ್ನು ಕೊಟ್ಟದ್ದೂ ಅದೇ ಹೊಳೆ ಎಂಬುದನ್ನು ಮರೆಯಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಭುವನ್ ಜಾಲತಾಣದಲ್ಲಿ ನೆರೆಯ ನಕ್ಷೆಗಳನ್ನು ಪ್ರಕಟಿಸುತ್ತದೆ. ಅದರಲ್ಲಿ ನಿಮ್ಮ ಊರಿನ ಭಾಗವನ್ನು ನೋಡಿ, ಹಿರಿಯರು ತೋರಿಸುವ ನೆರೆಯ ಗುರುತಿನೊಡನೆ ಹೋಲಿಸಿರಿ.
2. ಬಿತ್ತನೆಯ ಕಬ್ಬು, ಮೇವಿನ ಬಣವೆ, ಕಾಳಿನ ಸಂಗ್ರಹ ಇವು ಎತ್ತರದ ಜಾಗದಲ್ಲಿರಲಿ. ಸಾಲ ತಂದ ಹಣವನ್ನೆಲ್ಲ ತಗ್ಗಿನ ಹೊಲಕ್ಕೇ ಸುರಿಯಬೇಡಿ.
3. ನೀರು ಇಳಿದೊಡನೆ ಬಸಿಗಾಲುವೆ ತೆಗೆಯಿರಿ. ಮುಂಗಾರು ಬೆಳೆ ಹೋದ ಎರೆಭೂಮಿ ಹದಕ್ಕೆ ಬಂದ ಮೇಲೆ, ಉಳಿದ ತೇವದಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ಬಿತ್ತಬಹುದು.
4. ದಂಡೆಯ ಅಂಚಿನವರೆಗೆ ಉಳದೆ ಒಂದು ಪಟ್ಟಿ ಬಿಟ್ಟು, ಅಲ್ಲಿ ಬಿದಿರು, ಲಾವಂಚ ಬೆಳೆಸಿರಿ. ಇವುಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ.

ಉಪಗ್ರಹ ನೆರೆಯನ್ನು ತಡೆಯಲಾರದು. ಆದರೆ ಹೊಳೆ ಮತ್ತೆ ಕಾಲಿಡುವ ಜಾಗ ಯಾವುದೆಂದು ಬಿತ್ತನೆಗೆ ಮೊದಲೇ ತಿಳಿದರೆ, ಒಂದು ವರ್ಷದ ದುಡಿಮೆಯೆಲ್ಲ ನೀರುಪಾಲಾಗುವುದನ್ನು ರೈತರು ತಪ್ಪಿಸಿಕೊಳ್ಳಬಹುದು.