ಹಳೇ ಬಾವಿಗೆ ಇಳಿಯೋ ಮುಂಚೆ ಉಸಿರಿನ ಲೆಕ್ಕ ಗೊತ್ತಿರಲಿ

2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ, ಬತ್ತಿಹೋಗಿದ್ದ ಎಷ್ಟೋ ತೆರೆದ ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿದೆ. ಬೇಸಿಗೆ ಬಂದರೆ ಮಾಲೂರು, ಮುಳಬಾಗಿಲು ಕಡೆಯಿಂದ ಫೋನ್: "ಅಣ್ಣಾ, ತಾತನ ಕಾಲದ ಬಾವಿ, ಹೂಳು ತೆಗೀಬೇಕು, ನಾವಿಬ್ಬರೇ ಇಳೀತೀವಿ." ಹೂಳಿನ ಮಾತು ಆಮೇಲೆ. ಮೊದಲು ಗಾಳಿ.

ನಾವು ಎಳೆದುಕೊಳ್ಳೋ ಗಾಳಿಯಲ್ಲಿ ಸಾರಜನಕ ಶೇ 78, ಆಮ್ಲಜನಕ ಸುಮಾರು ಶೇ 21, ಇಂಗಾಲದ ಡೈಆಕ್ಸೈಡ್ ಬರೀ ಶೇ 0.04ರಷ್ಟು. ಬಿಡೋ ಗಾಳಿಯಲ್ಲಿ ಆಮ್ಲಜನಕ ಶೇ 16–17ಕ್ಕೆ ಇಳಿದಿರುತ್ತೆ, ಇಂಗಾಲದ ಡೈಆಕ್ಸೈಡ್ ಶೇ 4ರ ಹತ್ತಿರ ಏರಿರುತ್ತೆ. ಸಾರಜನಕ ಹೋದಂಗೇ ವಾಪಸ್ ಬರುತ್ತೆ. ಅಂದ್ರೆ ಎಳೆದುಕೊಂಡ ಆಮ್ಲಜನಕದಲ್ಲಿ ನಾವು ಬಳಸೋದು ಕಾಲು ಭಾಗಕ್ಕಿಂತ ಕಡಿಮೆ. ನಂಬಿಕೆ ಬರದಿದ್ದರೆ ಸುಣ್ಣದ ತಿಳಿನೀರಿಗೆ ಸ್ಟ್ರಾದಿಂದ ಮೆಲ್ಲಗೆ ಊದಿ (ಬಾಯಿಗೆ ಎಳ್ಕೋಬೇಡಿ), ಸ್ವಲ್ಪ ಹೊತ್ತಿಗೆ ಹಾಲಿನಂಗೆ ಬೆಳ್ಳಗಾಗುತ್ತೆ.

ಈಗ ಬಾವಿ. ತಳದಲ್ಲಿ ಕೊಳೀತಿರೋ ಎಲೆ, ಹೂಳಿನ ಸೂಕ್ಷ್ಮಜೀವಿಗಳು, ಬೇರು ಎಲ್ಲವೂ ನಮ್ಮಂತೆಯೇ ಉಸಿರಾಡ್ತವೆ. ವರ್ಷಗಟ್ಟಲೆ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡ್ತಾನೇ ಇರ್ತವೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಗಾಳಿಯಾಡದ ಬಾವಿಯಲ್ಲಿ ಕೆಳಗೇ ನಿಂತುಬಿಡುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ.

ನಮ್ಮ ತೋಟದ ಬಾವಿಗೆ ನಾನು ಕಂದೀಲು ಕಟ್ಟಿ ಇಳಿಸಿದ್ದೆ. ಅರ್ಧ ದಾರಿಯಲ್ಲೇ ಪುಸಕ್ ಅಂತ ಆರಿತು. ಮತ್ತೆ ಹಚ್ಚಿ ಇಳಿಸಿದೆ, ಅದೇ ಜಾಗದಲ್ಲಿ ಮತ್ತೆ ಆರಿತು. ಕೂಲಿಗೆ ಬಂದಿದ್ದ ಹುಡುಗ ಆಗಲೇ ಪ್ಯಾಂಟ್ ಮಡಚಿ ಕಟ್ಟೆ ಮೇಲೆ ಕೂತಿದ್ದ. ಅವತ್ತಿನದು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಳಮಳ ಅನ್ನುತ್ತೆ.

ಆದ್ರೆ ಇವತ್ತು ನಾನು ಬೆಂಕಿ ಇಳಿಸಲ್ಲ. ಕೊಳೆತ ಹೂಳಿನಲ್ಲಿ ಮೀಥೇನ್ ಇದ್ದರೆ ಹೊತ್ತಿಕೊಳ್ಳಬಹುದು. ದೀಪ ಉರಿದರೂ ಒಳಗೆ ಕ್ಷೇಮ ಅಂತ ಅರ್ಥ ಅಲ್ಲ, ವಿಷಗಾಳಿ ಇದ್ದರೆ ಅದು ಹೇಳಲ್ಲ. ಬೇವಿನ ಕೊಂಬೆ ಕಟ್ಟಿ ಮೇಲೆ ಕೆಳಗೆ ಆಡಿಸೋದೂ ಸಾಲದು. ಅನಿಲ ಅಳೆಯೋ ಮೀಟರ್ ಇಟ್ಟಿರೋರನ್ನ ಕರೆಸಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯೋ ಹಾಗಿಲ್ಲ. ಬ್ಲೋವರ್‌ಗೆ ಉದ್ದ ಪೈಪ್ ಹಾಕಿ ತಳದ ತನಕ ಹೊಸ ಗಾಳಿ ಊದಿ, ಕೆಲಸ ಮುಗಿಯೋವರೆಗೂ ನಿಲ್ಲಿಸಬೇಡಿ. ಪೆಟ್ರೋಲ್, ಡೀಸೆಲ್ ಎಂಜಿನ್ ಮಾತ್ರ ಒಳಗೆ ಇಳಿಸಲೇಬೇಡಿ. ಇರೋ ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತೆ.

ಶ್ರೀನಿವಾಸಪುರದ ಮಾವಿನ ರೈತರಿಗೂ ಒಂದು ಮಾತು. ಕಿತ್ತ ಹಣ್ಣೂ ಉಸಿರಾಡುತ್ತೆ. ಕ್ರೇಟು ತುಂಬಿ ಮುಚ್ಚಿದ ಹಣ್ಣಾಗಿಸೋ ಕೋಣೆಗೆ ನೇರ ನುಗ್ಗಬೇಡಿ, ಬಾಗಿಲು ತೆಗೆದು ಗಾಳಿ ಆಡಲಿ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಎಥಿಲೀನ್ ಕೆಲಸವೂ ಕುಂಟುತ್ತೆ, ಹಣ್ಣು ಸರಿಯಾಗಿ ಮಾಗಲ್ಲ.

ಬಾವಿಗೆ ಇಳಿಯೋರ ಸೊಂಟಕ್ಕೂ ಭುಜಕ್ಕೂ ಹಗ್ಗದ ಬೆಲ್ಟ್ ಇರಲಿ, ಎಳೆಯೋಕೆ ಮೇಲೆ ಜನ ಇರಲಿ. ಒಳಗಿನವರು ಮಾತಾಡೋದು ನಿಲ್ಲಿಸಿದರೆ ತಕ್ಷಣ ಎಳೆದುಕೊಳ್ಳಿ, 112 ಅಥವಾ 101ಕ್ಕೆ ಫೋನ್ ಮಾಡಿ. ತಮ್ಮನೇ ಬಿದ್ದಿದ್ದರೂ ಹಿಂದೆಯೇ ಇಳಿಯಬೇಡಿ. ಇಂಥ ಬಾವಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯೋದು ಹಾಗೇ.

ತೆಗೆದ ಹೂಳನ್ನ ತೋಟಕ್ಕೆ ಹಾಕೋ ವಿಷಯ ಮುಂದಿನ ವಾರ.